ಕಿವಿ ದಾಟಿದ ಕೂದಲು

ದೊಡ್ಡಬೆಳವಂಗಲ
ಶನಿವಾರ, ೧೪-೦೯-೨೦೨೪

ಪ್ರೀತಿಯ ಪ್ರಮೋದಾ,

ಹೇಗಿದ್ದೀಯ? ಕಬ್ಬಿಣದ ಮಾತ್ರೆ ತಪ್ಪದೆ ನುಂಗುತ್ತಿದ್ದೀಯ ತಾನೆ? ಕಾಫಿ ಕುಡಿದ ಕೂಡಲೇ ನುಂಗಬೇಡ, ಮೈಗೆ ಹಿಡಿಯುವುದಿಲ್ಲ ಎಂದು ನರ್ಸಮ್ಮ ಹೇಳಿದ್ದು ನೆನಪಿದೆಯಲ್ಲ. ಎಡ ಮಗ್ಗುಲಲ್ಲೇ ಮಲಗು. ನಿಮ್ಮ ಬಚ್ಚಲಿನ ಕಲ್ಲು ಜಾರುತ್ತದೆ, ಹೋದ ಸಾರಿ ಬೂದಿಗೆರೆಗೆ ಬಂದಾಗ ನಾನೇ ಜಾರಿ ಗೋಡೆ ಹಿಡಿದುಕೊಂಡೆ, ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಯಾರ ಕೈಯಲ್ಲಾದರೂ ಅದನ್ನು ಉಜ್ಜಿಸು, ನೀನು ಬಗ್ಗಬೇಡ. ಮಗು ಒದೆಯುತ್ತದೆಯಾ? ಜಾಸ್ತಿ ಒದೆಯಿತು ಅಂದರೆ ನನಗೆ ಭಯ, ಸುಮ್ಮನಿದೆ ಅಂದರೂ ಭಯ. ಮಧ್ಯದಲ್ಲಿ ಎಷ್ಟು ಒದ್ದರೆ ಸರಿ ಎಂದು ಡಾಕ್ಟರಮ್ಮನನ್ನು ಕೇಳಿ ಇಟ್ಟುಕೋ.

ಇದನ್ನೆಲ್ಲ ಫೋನಿನಲ್ಲೇ ಕೇಳಬಾರದಾ, ಕಾಗದ ಯಾಕೆ ಎಂದು ನಗಬೇಡ. ಫೋನು ಮಾಡಿದರೆ ನಿಮ್ಮಮ್ಮ ಸ್ಪೀಕರ್ ಹಾಕಿ ಮಂಚದ ಮಧ್ಯೆ ಇಟ್ಟುಬಿಡುತ್ತಾರೆ. ನಾನು ಹೇಗಿದ್ದೀಯ ಅಂದರೆ ನೀನು ಉತ್ತರ ಹೇಳುವ ಮೊದಲೇ ಅವರೇ ಚೆನ್ನಾಗವ್ಳೆ ಅನ್ನುತ್ತಾರೆ. ಭಾನುವಾರ ಬಂದರೂ ಅಷ್ಟೆ, ಜನ ತುಂಬಿರುತ್ತಾರೆ, ನಿನ್ನ ಜೊತೆ ಎರಡು ಮಾತು ಒಂಟಿಯಾಗಿ ಆಡಲು ಆಗುವುದಿಲ್ಲ. ಅದಕ್ಕೇ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಕೈಯಲ್ಲಿ ಇಷ್ಟು ಬರೆಯುತ್ತಿದ್ದೇನೆ. ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ಜೋರಾಗಿ ಓದು ಅಂತ ನಿಮ್ಮಮ್ಮ ಅಂದರೆ ಆರೋಗ್ಯ ಕೇಳಿರುವ ಭಾಗ ಮಾತ್ರ ಓದು.

ಈಗ ನನ್ನ ತಲೆಯ ವಿಷಯ. ನೀನು ಬಸುರಿ ಎಂದು ಗೊತ್ತಾದ ದಿನವೇ ನಿಮ್ಮಮ್ಮ ನನ್ನನ್ನು ಹಿತ್ತಿಲಿಗೆ ಕರೆದು, "ಏನಪ್ಪಾ ಭೀಮರಾಜ, ಹೆರಿಗೆ ಆಗೋಗಂಟ ತಲೆಗೆ ಕತ್ತರಿ ಗಿತ್ತರಿ ಮುಟ್ಟಿಸ್ಬೇಡ, ಹೋದ್ ಸಲ ನಾವ್ಯಾರೂ ಯಾವ ನೇಮಾನೂ ಸರಿಯಾಗಿ ಹಿಡೀಲಿಲ್ಲ" ಅಂದರು. ಹೂಂ ಅಂದೆ. ಅಂದಿನಿಂದ ಕತ್ತರಿ ಮುಟ್ಟಿಸಿಲ್ಲ. ತಿಂಗಳು ತಿಂಗಳೂ ಮಿಷನ್ ಹಾಕಿಸಿ ಬೋಳುಬೋಳಾಗಿ ಇಟ್ಟುಕೊಂಡಿದ್ದವನು ನಾನು, ನನ್ನ ಕೂದಲು ಎಂಥದ್ದು ಎಂದು ನನಗೇ ಗೊತ್ತಿರಲಿಲ್ಲ. ಬೆಳೆದ ಮೇಲೆ ನೋಡಿದರೆ ಅತ್ತ ಗುಂಗುರೂ ಅಲ್ಲ, ಇತ್ತ ನೆಟ್ಟಗೂ ಅಲ್ಲ, ಕೆರೆ ನೀರಿಗೆ ಗಾಳಿ ಬೀಸಿದ ಹಾಗೆ ಅಲೆ ಅಲೆ. ಅಲೆ ಎಂದರೆ ಚೆಂದ ಅಂದುಕೋಬೇಡ. ಎಡಗಡೆ ಕಿವಿಯ ಮೇಲೆ ಒಳಕ್ಕೆ ತಿರುಗುತ್ತದೆ, ಬಲಗಡೆ ಹೊರಕ್ಕೆ. ಕುತ್ತಿಗೆಯ ಹತ್ತಿರ ಕೊಕ್ಕೆಯ ಹಾಗೆ ಮೇಲಕ್ಕೆ ಎದ್ದಿದೆ. ಜುಟ್ಟು ಕಟ್ಟೋಣವೆಂದರೆ ಕೈಗೆ ಸಿಗದು, ಕಿವಿ ಹಿಂದೆ ಸಿಕ್ಕಿಸಿದರೆ ನಿಲ್ಲದು. ಬಾಚಿದಷ್ಟೂ ಉಬ್ಬುತ್ತದೆ. ಎಣ್ಣೆ ಹಚ್ಚಿದರೆ ನೆನೆದ ಕೋಳಿ ಥರ, ಹಚ್ಚದಿದ್ದರೆ ಜೋಳದ ಕೂಳೆ ಥರ. ಹೆಲ್ಮೆಟ್ ತೆಗೆದಾಗ ಒಂದು ಕಡೆ ಅಂಟಿಕೊಂಡು ಇನ್ನೊಂದು ಕಡೆ ನಿಂತಿರುತ್ತದೆ. ಕನ್ನಡಿಯ ಹತ್ತಿರ ನೀನು ಬಿಟ್ಟುಹೋದ ಕಪ್ಪು ಕ್ಲಿಪ್ಪುಗಳನ್ನೆಲ್ಲ ಮುಗಿಸಿದ್ದೇನೆ, ಬಂದ ಮೇಲೆ ಬೈಯಬೇಡ.

ಫ್ಯಾಕ್ಟರಿಯ ನಮ್ಮ ಲೈನಿನಲ್ಲಿ ನಿಪ್ಪಟ್ಟು ಪ್ಯಾಕ್ ಮಾಡುವ ಮುನಿಗಂಗಮ್ಮ ಎಂಬ ಹೆಂಗಸು ಇದ್ದಾರೆ. ನನ್ನ ಅವಸ್ಥೆ ನೋಡಲಾರದೆ ಒಂದು ದಿನ ಪಕ್ಕಕ್ಕೆ ಕರೆದು, "ಒಣಗಿದ್ಮೇಲೆ ಬಾಚ್ಬೇಡ ಕಣಪ್ಪ, ಒದ್ದೆ ಇರುವಾಗ್ಲೇ ಬೆರಳಲ್ಲಿ ಬಿಡಿಸ್ಕೋ. ಟವೆಲ್ನಲ್ಲಿ ಪಾತ್ರೆ ಉಜ್ದಂಗೆ ಉಜ್ಜಬೇಡ, ಹಳೇ ಪಂಚೇಲಿ ಒತ್ತಿ ಬಿಡು. ಎಣ್ಣೆ ತುದಿಗಷ್ಟೇ" ಅಂದರು. ಹಾಗೇ ಮಾಡಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ತಗ್ಗಿತು. ಆದರೆ ಬೆಳಗಿನ ಶಿಫ್ಟ್ ಇರುವ ವಾರ ತಲೆ ಒಣಗುವ ತನಕ ಯಾರು ಕಾಯುತ್ತಾರೆ? ಒದ್ದೆ ತಲೆಯ ಮೇಲೇ ಹೆಲ್ಮೆಟ್ ಹಾಕಿಕೊಂಡು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗಿ ನೆಗಡಿ ಬಂತು. ನೆಗಡಿ ಇಟ್ಟುಕೊಂಡು ನಿನ್ನ ಹತ್ತಿರ ಬರಬಾರದು ಎಂದೇ ಹೋದ ಭಾನುವಾರ ಬರಲಿಲ್ಲ. ಓವರ್‌ಟೈಮ್ ಎಂದು ಹೇಳಿದ್ದು ಸುಳ್ಳು. ನನ್ನ ಗಾಡಿಯ ಹಿಂದೆ ಕೂತು ಬರುವ ತಬ್ರೇಜ್‌ಗೆ ಇದೆಲ್ಲ ತಮಾಷೆ. "ಅಣ್ಣಾ, ಹಿಂದೆ ಕೂತ್ರೆ ನಿನ್ ಕೂದ್ಲು ನನ್ ಬಾಯಿಗೆ ಬತ್ತದೆ. ಇರು, ಮುಂದಿನ್ ತಿಂಗ್ಳು ನಿಂಗೇ ಒಂದು ಸೀಮಂತ ಮಾಡ್ಸೋಣ, ಬಳೆ ನಾನ್ ತತ್ತೀನಿ" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ನಗುವುದಕ್ಕೂ ಸುಸ್ತು ಪ್ರಮೋದಾ. ಒಬ್ಬನೇ ಮನೆಗೆ ಬಂದು ಅನ್ನ ಬೇಯಿಸಿಕೊಂಡು ಮತ್ತೆ ಈ ತಲೆಯ ಸೇವೆ.

ಇಷ್ಟೇ ಆಗಿದ್ದರೆ ಹೇಗೋ ತಳ್ಳುತ್ತಿದ್ದೆ. ಗುರುವಾರ ಚಕ್ಕುಲಿ ತಟ್ಟೆಯಲ್ಲಿ ಒಂದು ಕೂದಲು ಸಿಕ್ಕಿತು. ಪ್ಯಾಕೆಟ್‌ಗೆ ಹೋಗುವ ಮೊದಲೇ ಸಿಕ್ಕಿತು, ಆದರೂ ಲೈನು ನಿಲ್ಲಿಸಿದರು. ಸೂಪರ್‌ವೈಸರ್ ಸುನಿಲ್‌ಕುಮಾರ್ ಅದನ್ನು ಬಿಳಿ ಕಾಗದದ ಮೇಲೆ ಇಟ್ಟು ಒಬ್ಬೊಬ್ಬರ ಮುಂದೆಯೂ ಹಿಡಿದರು. ನನ್ನ ಮುಂದೆ ಬಂದಾಗ ಏನೂ ಕೇಳಲಿಲ್ಲ. "ಗುರು, ಇಡೀ ಲೈನಲ್ಲಿ ಈ ಡಿಸೈನ್ ಕೂದ್ಲು ನಿನ್ದೊಂದೇ" ಅಂದರು. ಟೋಪಿ ಹಾಕಿಯೇ ಇದ್ದೆ, ಗಡ್ಡಕ್ಕೆ ಮಾಸ್ಕೂ ಇತ್ತು. ಆದರೆ ಕುತ್ತಿಗೆ ಹತ್ತಿರದ ಕೊಕ್ಕೆಗಳು ಟೋಪಿಯ ಎಲಾಸ್ಟಿಕ್ಕನ್ನು ಮೇಲಕ್ಕೆ ತಳ್ಳುತ್ತವೆ. ನಿನ್ನ ವಿಷಯ, ನೇಮದ ವಿಷಯ ಎಲ್ಲ ಹೇಳಿದೆ. ಕೆಟ್ಟ ಮನುಷ್ಯ ಅಲ್ಲ, ಪೂರ್ತಿ ಕೇಳಿದರು. ಆಮೇಲೆ, "ನಂಗೂ ಎರಡು ಮಕ್ಳವೆ, ನಾನೇನ್ ಕೂದ್ಲು ಬಿಟ್ಟಿದ್ನಾ? ಸೋಮವಾರ ಇದೇ ತಲೆ ಹೊತ್ಕೊಂಡು ಬಂದ್ರೆ ಗೇಟಿಂದಾನೇ ವಾಪಸ್ ಕಳಿಸ್ಬೇಕಾಗ್ತದೆ, ಬೇಜಾರ್ ಮಾಡ್ಕೋಬೇಡ" ಅಂದರು. ಮನೆಗೆ ಹೊಸ ಮನುಷ್ಯ ಬರುವ ಹೊತ್ತಿನಲ್ಲಿ ಕೆಲಸ ಬಿಟ್ಟು ಕೂತರೆ ಹೇಗೆ?

ನಿನ್ನೆ ಮೊನ್ನೆಯಿಂದ ಇದೇ ಯೋಚನೆ. ಕತ್ತರಿಸಿದರೆ ಏನೂ ಆಗುವುದಿಲ್ಲ ಎಂದು ಒಂದು ಮನಸ್ಸು. ಆಗಿಬಿಟ್ಟರೆ ಎಂದು ಇನ್ನೊಂದು. ಹೋದ ಸಲ ಐದು ತಿಂಗಳು ತುಂಬುವ ಮೊದಲೇ ಮಗು ಹೋದಾಗ ಡಾಕ್ಟರಮ್ಮ, ಇದು ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದು ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದು ನಮ್ಮಿಬ್ಬರ ಕಿವಿಗೂ ಬಿತ್ತು. ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಪರಂಗಿ ಹಣ್ಣು ತಿಂದಳಾ, ಬಸ್ಸಿನಲ್ಲಿ ಘಾಟಿ ದೇವಸ್ಥಾನಕ್ಕೆ ಯಾಕೆ ಹೋದಳು, ಮುಸ್ಸಂಜೆ ಹೊಸಿಲ ಮೇಲೆ ಕೂತಿದ್ದಳಾ ಎಂದು ಬಂದವರೆಲ್ಲ ನಿನ್ನನ್ನೇ ಕೇಳಿದರು. ನೀನು ಗೋಡೆ ಕಡೆ ತಿರುಗಿ ಮಲಗಿ, ಇಲ್ಲ ಇಲ್ಲ ಅಂತ ಮಾತ್ರ ಹೇಳುತ್ತಿದ್ದೆ. ನನ್ನನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ, ಕಾಫಿ ಕುಡಿಯಪ್ಪಾ ಅಂದರು. ಈಗಲೂ ನಿನಗೆ ಎಷ್ಟು ನೇಮ, ಅದು ತಿನ್ನಬೇಡ, ಇದು ದಾಟಬೇಡ, ಗ್ರಹಣ ನೋಡಬೇಡ. ನನಗೆ ಇದೊಂದೇ ನೇಮ, ಇದನ್ನೂ ಹಿಡಿಯಲಾಗದಿದ್ದರೆ ನಾನೆಂಥ ಗಂಡ ಎಂದು ನೆನೆದು ಬೆಳಿಗ್ಗೆಯ ಉಪ್ಪಿಟ್ಟು ಹಾಗೇ ಬಿಟ್ಟೆ. ಏನು ಮಾಡಲಿ ಎಂದು ನಿನ್ನನ್ನು ಕೇಳೋಣವೆಂದೇ ಈ ಕಾಗದ ಶುರು ಮಾಡಿದೆ. ಇಲ್ಲಿಯವರೆಗೆ ಬರೆದ ಮೇಲೆ, ಅದನ್ನೂ ನಿನ್ನ ಮೇಲೆ ಹೊರಿಸಬೇಕಾ ಅನ್ನಿಸುತ್ತಿದೆ. ನೀನು ಬೇಡ ಅಂದರೆ ನನ್ನ ಕೆಲಸ ಹೋಯಿತು ಎಂದು ಕೊರಗುತ್ತೀಯ. ಸರಿ ಅಂದರೆ ಹೆರಿಗೆ ಆಗುವ ತನಕ ನಿದ್ದೆ ಬಿಡುತ್ತೀಯ.

ಇನ್ನು ಬರೆಯಲು ಕಣ್ಣು ಎಳೆಯುತ್ತಿದೆ. ನಿಮ್ಮಮ್ಮನಿಗೆ ನಮಸ್ಕಾರ ಹೇಳು. ಅವರಿಗೂ ಮಂಡಿ ನೋವು, ಪಾಪ, ನಿನಗಾಗಿ ಓಡಾಡುತ್ತಿದ್ದಾರೆ. ಹಸಿವಾದಾಗ ಸಂಕೋಚ ಪಡದೆ ಕೇಳಿ ತಿನ್ನು. ನೀನೂ ಒಳಗಿರುವ ಕೂಸೂ ತಣ್ಣಗಿರಿ.

ನಿನ್ನ
ಭೀಮರಾಜ್

ವಿ.ಸೂ.: ಭಾನುವಾರ ಬೆಳಿಗ್ಗೆ. ಪಾಪಯ್ಯನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ನನ್ನ ಮುಂದೆ ಒಬ್ಬರೇ ಇದ್ದಾರೆ. ಸುನಿಲ್‌ಕುಮಾರ್‌ಗೆ ಹೆದರಿ ಬಂದೆ ಅಂದುಕೋಬೇಡ. ಹೆದರಿದ್ದೂ ನಿಜ, ಆದರೆ ಬಂದದ್ದು ಅದಕ್ಕಲ್ಲ. ಮಗುವಿಗೆ ನನ್ನ ಕೂದಲಿನಿಂದ ಏನೂ ಆಗುವುದಿಲ್ಲ, ಡಾಕ್ಟರಮ್ಮನ ಮಾತನ್ನು ನಾವಿಬ್ಬರಾದರೂ ನಂಬೋಣ. ಆದರೆ ನಾನು ಕೂದಲು ಉಳಿಸಿಕೊಂಡು, ದೇವರೇ ಬೇಡ, ಏನಾದರೂ ಹೆಚ್ಚುಕಮ್ಮಿ ಆದರೆ, ಅಳಿಯ ತನ್ನ ನೇಮ ಹಿಡಿದ, ಇವಳೇ ಏನೋ ಮಾಡಿಕೊಂಡಳು ಅನ್ನುತ್ತಾರೆ, ಮತ್ತೆ ಎಲ್ಲರೂ ನಿನ್ನ ಮಂಚದ ಸುತ್ತ ಕೂರುತ್ತಾರೆ. ಕತ್ತರಿಸಿದ್ದರೆ ಬೈಸಿಕೊಳ್ಳಲು ನಾನಿರುತ್ತೇನೆ. ಈ ಸಲ ನನ್ನನ್ನು ಕೇಳಲಿ. ಮಧ್ಯಾಹ್ನ ಹೀಗೇ ಬೋಳು ಕುತ್ತಿಗೆಯಲ್ಲಿ ನಿಮ್ಮ ಮನೆಗೆ ಬರುತ್ತೇನೆ, ಈ ಕಾಗದ ಕೈಯಲ್ಲೇ ಕೊಡುತ್ತೇನೆ. ನಿಮ್ಮಮ್ಮ ಏನಂದರೂ ನೀನು ನನ್ನ ಪರ ಮಾತಾಡಬೇಡ, ನನಗೆ ಗೊತ್ತೇ ಇರಲಿಲ್ಲ ಅನ್ನು. ಪಾಪಯ್ಯ ಕರೆಯುತ್ತಿದ್ದಾನೆ.