ಒಂಬತ್ತನೇ ಹಾಸಿಗೆಯ ಮುಂದೆ

ನರ್ಸಿಂಗ್ ಹಾಸ್ಟೆಲ್, ಕಂಪಾಲಾ
ಮಂಗಳವಾರ, 11 ಜೂನ್ 1991

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ನೀರಿನ ಡಬ್ಬ ಹೊರಬೇಡ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ, ನೀನೆಲ್ಲಿ ಕೇಳುತ್ತೀಯ. ನಾನು ಚೆನ್ನಾಗಿದ್ದೇನೆ. ನಿನ್ನೆ ವಾರ್ಡಿನ ಪರೀಕ್ಷೆಯಲ್ಲಿ ಪಾಸಾದೆ. ಆದರೆ ಯಾರಿಗೂ ಹೇಳಬೇಡ.

ರಜೆಯಲ್ಲಿ ನಾನು ಹೇಳಲು ಒದ್ದಾಡುತ್ತಿದ್ದ ಆ ಗ್ರೀಕ್ ಪದ ನೆನಪಿದೆಯಲ್ಲ, ಹೈಡ್ರೊನೆಫ್ರೋಸಿಸ್? ನಮ್ಮ ಬಾಯಲ್ಲಿ ಅದು ಹೈದುರೊನೆಫುರೋಸಿಸಿ ಆಗಿಬಿಡುತ್ತದೆ. ನಲುಗ್ವಾ ಅತ್ತೆಯೇ ಬಾಳೆಕಾಯಿ ಸುಲಿಯುತ್ತ, ಒಂದೊಂದು ತುಂಡಿಗೆ ಒಂದೊಂದು ಕಾಯಿ ಬುಟ್ಟಿಗೆ ಎಸೆದು ಹೇಳಿಸಿದಳು: ಹೈ, ಡ್ರೊ, ನೆ, ಫ್ರೋ, ಸಿಸ್. ‘ನಾಲ್ಕನೇದಕ್ಕೆ ಒತ್ತು ಕೊಡೇ, ಉಪವಾಸ ಇರೋಳ ಥರ ಹೇಳ್ಬೇಡ’ ಎಂದು ಗದರುತ್ತಿದ್ದಳು. ಅದರ ಅರ್ಥ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿನ್ನೆ ನನ್ನನ್ನು ಒಂಬತ್ತನೇ ಹಾಸಿಗೆಯ ಮುಂದೆ ನಿಲ್ಲಿಸಿದರು. ಮಲಗಿದ್ದವಳು ಅತ್ತೆ. ಪಕ್ಕೆನೋವೆಂದು ನಮಗ್ಯಾರಿಗೂ ಹೇಳದೆ ಒಬ್ಬಳೇ ಬಂದಿದ್ದಾಳೆ. ಅಮ್ಮಾ, ನಾನು ಮೊಣಕಾಲೂರಿ ನಮಸ್ಕರಿಸಬೇಕಿತ್ತು. ನಮ್ಮಲ್ಲಿ ಯಾವ ಹೆಣ್ಣುಮಗಳು ಅತ್ತೆಯನ್ನು ನಿಂತೇ ಮಾತನಾಡಿಸಿದ್ದಾಳೆ? ಆದರೆ ನನ್ನ ಮೈಮೇಲೆ ಬಿಳಿ ಸಮವಸ್ತ್ರ, ಪಕ್ಕದಲ್ಲಿ ಪರೀಕ್ಷಕಿ ಮಿಸೆಸ್ ಒಕೆಲ್ಲೊ, ಮಂಚದಡಿ ಅತ್ತೆಯ ಹರಿದ ಚಪ್ಪಲಿ. ‘ಗೊತ್ತಿರೋರಾ?’ ಎಂದರು. ‘ಇಲ್ಲ ಮೇಡಂ’ ಎಂದೆ. ಕಾಯಿಲೆ ಯಾವುದೆಂದು ಕೇಳಿದಾಗ ನಿಂತೇ ಆ ಪದ ಹೇಳಿದೆ, ಐದು ತುಂಡೂ ಸರಿಯಾಗಿ, ಒತ್ತೂ ಸರಿಯಾಗಿ. ಅತ್ತೆಯ ಮುಖ ಅರಳಿತು. ಆಮೇಲೆ ಮೆಲ್ಲಗೆ, ‘ನಂಗೆ ಬಂದಿರೋದು ಅದೇನಾ, ಡಾಕ್ಟರಮ್ಮ? ಸಾಯೋ ಕಾಯಿಲೆನಾ?’ ಎಂದಳು. ನನ್ನನ್ನೇ ಡಾಕ್ಟರಮ್ಮ ಎಂದಳು, ನನ್ನ ಮಾನ ಉಳಿಸಲು. ನಾನು ಉತ್ತರ ಕೊಡುವ ಬದಲು ಅದೇ ಪದವನ್ನು ಇನ್ನೊಮ್ಮೆ ಹೇಳಿದೆ. ಮಿಸೆಸ್ ಒಕೆಲ್ಲೊ ಭೇಷ್ ಎಂದರು. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೇನೆ ಅಮ್ಮಾ. ಎತ್ತಿ ಆಡಿಸಿದವಳನ್ನೇ ಗೊತ್ತಿಲ್ಲ ಎಂದುಬಿಟ್ಟೆ. ಸಂಜೆ ಅವಳ ಬಳಿ ಹೋಗಲೂ ಮುಖವಿರಲಿಲ್ಲ. ಈಗ ಹೋಗುತ್ತೇನೆ.

ಅಪ್ಪನಿಗೆ ನಮಸ್ಕಾರ. ಇದನ್ನು ಅವನಿಗೆ ಓದಿ ಹೇಳಬೇಡ, ತಂಗಿಯೆಂದರೆ ಅವನಿಗೆ ಜೀವ.

ನಿನ್ನ ಮಗಳು,
ನಮುಸಿಸಿ

ಅಮ್ಮಾ, ಕಾಗದ ಅಂಟಿಸುವ ಮೊದಲು ವಾರ್ಡಿಗೆ ಓಡಿದೆ. ಹಾಸಿಗೆ ಖಾಲಿ. ‘ಹೆಸರೇ ಇಷ್ಟುದ್ದ ಇರೋ ಕಾಯಿಲೆ ಬಂದ್ಮೇಲೆ ಬದುಕೋದುಂಟಾ, ಮನೇಲೇ ಸಾಯ್ತೀನಿ’ ಎಂದು ಪಕ್ಕದವಳಿಗೆ ಹೇಳಿ ಊರಿಗೆ ಹೊರಟಳಂತೆ. ಅದು ಸಾಯುವ ಕಾಯಿಲೆಯಲ್ಲ. ಕಲ್ಲು ಅಡ್ಡ ಬಂದು ಮೂತ್ರಪಿಂಡದಲ್ಲಿ ನೀರು ತುಂಬಿದೆ. ತೆಗೆದರೆ ಸರಿಹೋಗುತ್ತದೆ, ಬಿಟ್ಟರೆ ಮೂತ್ರಪಿಂಡವೇ ಹೋಗುತ್ತದೆ. ನಾಡಿದ್ದು ಗುರುವಾರ ಆಪರೇಷನ್. ಈ ಕಾಗದ ತರುವ ಟ್ಯಾಕ್ಸಿ ವಾಪಸ್ ಹೊರಡುವಾಗ ಅದರಲ್ಲೇ ಅವಳನ್ನು ಹತ್ತಿಸು. ನೋಡು, ಎಷ್ಟು ಸುಲಭವಾಗಿ ನಿನಗೆ ಹೇಳಿಬಿಟ್ಟೆ. ಇಷ್ಟನ್ನೇ ಅವಳು ನನ್ನನ್ನು ಕೇಳಿದ್ದು.