ಜೇಬಿನೊಳಗಿನ ಗುಂಡಿಗಳು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಹಡಗಿನ ಅಡುಗೆಮನೆಯಲ್ಲಿ ಊರಿಗೆಲ್ಲ ಬಡಿಸಿ ನೀನು ಹಸಿದು ಮಲಗುವವಳು, ಅದಕ್ಕೇ ಕೇಳುತ್ತಿದ್ದೇನೆ. ಸೊಂಟನೋವು ಕಡಿಮೆಯಾಯಿತೇ? ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ. ನಿನ್ನ ಮಗಳ ಮೈಗೇನೂ ಆಗಿಲ್ಲ, ಆಗಿರುವುದು ಮನಸ್ಸಿಗೆ.

ಓದಲು ಎದ್ದು ನಿಂತರೆ ಅವಳಿಗೆ ಅಕ್ಷರಗಳು ಅದಲುಬದಲಾಗಿ ಉಸಿರು ಕಟ್ಟುವುದು ನಿನಗೆ ಗೊತ್ತೇ ಇದೆ. ಅದಕ್ಕೆ ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು. ನನ್ನ ಡಬ್ಬಿಯಿಂದ ಮರದ್ದು, ಲೋಹದ್ದು, ಬಟ್ಟೆ ಸುತ್ತಿದ್ದು ಎಂದು ಬಗೆಬಗೆಯ ಗುಂಡಿಗಳನ್ನು ಆರಿಸಿ, ಬಟ್ಟೆಯ ಪಟ್ಟಿಯೊಂದಕ್ಕೆ ಹೊಲಿದು ಜೇಬಿನೊಳಗೆ ಇಟ್ಟುಕೊಂಡಿದ್ದಳು. ಒಂದು ಗುಂಡಿ ಮುಟ್ಟಿ ಒಂದು ಪದ, ಇನ್ನೊಂದು ಮುಟ್ಟಿ ಇನ್ನೊಂದು ಪದ, ಹೀಗೆ ನಿಧಾನಕ್ಕೆ ಓದಿ ಮುಗಿಸುತ್ತಿದ್ದಳು. ಕಳೆದ ವಾರ ಅವಳ ಭಾಷಾಪಾಠದ ಟೀಚರ್ ಅದನ್ನು ಕಿತ್ತುಕೊಂಡು, "ಇಷ್ಟು ದೊಡ್ಡವಳಾದ್ರೂ ಇನ್ನೂ ಆಟದ ಸಾಮಾನಾ?" ಎಂದು ತರಗತಿಯ ಮುಂದೆಯೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳಂತೆ. ಎಲ್ಲರೂ ನಕ್ಕರಂತೆ. ಅಂದಿನಿಂದ ಇವಳು ಶಾಲೆಯ ಕಡೆ ತಲೆ ಹಾಕಿಲ್ಲ. "ಇನ್ನು ಹೋಗಲ್ಲ ಅಜ್ಜಿ" ಅಂದುಬಿಟ್ಟಳು. ನನ್ನ ಮೈಯೆಲ್ಲ ಉರಿದುಹೋಯಿತು.

ಹುಡುಕುವ ಬಳ್ಳಿ ಕಾಲಿಗೇ ತೊಡರಿತು ನೋಡು. ನಾನು ಯಾರ ಅಜ್ಜಿ ಎಂದು ತಿಳಿಯದೆ ಆ ಮಹಾತಾಯಿ ಕೋಟು ಹೊಲಿಸಲು ನನ್ನ ಅಂಗಡಿಗೇ ಬಂದಳು. ನಾಳೆ ಶಾಲೆಯ ವಾರ್ಷಿಕ ಸಭೆ, ಮನೆಯವರಿಗೆಲ್ಲ ಕರೆಯಿದೆ, ಭಾಷಣ ಆಕೆಯದೇ. ನಗುನಗುತ್ತಾ ಅಳತೆ ತೆಗೆದುಕೊಂಡೆ. ಬೆನ್ನಿನ ಹೊಲಿಗೆಯನ್ನು, ಎಳೆದರೆ ಹರಿಯುವ ಹಳೇ ದಾರದಲ್ಲಿ ಹಾಕಿದ್ದೇನೆ. ಕೈಯೆತ್ತಿ ಮಾತಾಡಿದಳೋ, ಕುತ್ತಿಗೆಯಿಂದ ಸೊಂಟದವರೆಗೆ ಬಿಚ್ಚಿಕೊಳ್ಳಬೇಕು. ಬೇಕೆಂದೇ ಕೆಟ್ಟದಾಗಿ ಹೊಲಿದದ್ದು ಈ ಜನ್ಮದಲ್ಲಿ ಇದೇ ಮೊದಲು, ಪಾಪವೆನಿಸಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಮುಂದಿನ ಸಾಲಿನಲ್ಲಿ ಕೂತು ನೋಡಿದಾಗಲೇ ನನ್ನ ಹೊಟ್ಟೆ ತಣ್ಣಗಾಗುವುದು.

ಕಡಲು ನಿನ್ನ ಮೇಲೆ ಮುನಿಯದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹಟಮಾರಿ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಕೋಟಿಗೆ ಇಸ್ತ್ರಿ ಹಾಕಲು ಹೋದರೆ ಬೆನ್ನಿನ ಹೊಲಿಗೆ ಜಗ್ಗಿದರೂ ಬಿಡುತ್ತಿಲ್ಲ. ನಿನ್ನ ಮಗಳು ನನ್ನದನ್ನೆಲ್ಲ ಬಿಚ್ಚಿ ಗಟ್ಟಿ ದಾರದಲ್ಲಿ ಹೊಲಿದಿದ್ದಾಳೆ. ಚೆನ್ನಾಗಿ ಬೈದೆ. "ಎಲ್ಲರೂ ನಗುವಾಗ ಒಬ್ಬಳೇ ನಿಂತಿರೋದು ಹೇಗಿರುತ್ತೆ ಅಂತ ನನಗೆ ಗೊತ್ತು ಅಜ್ಜಿ, ಅದು ಬೇಡ. ಜೇಬು ನೋಡು" ಅಂದಳು. ಬಲಗಡೆ ಜೇಬಿನೊಳಗೆ ಹೊಸದೊಂದು ಗುಂಡಿಪಟ್ಟಿ, ಅದೇ ಮರದ್ದು, ಲೋಹದ್ದು, ಬಟ್ಟೆಯದ್ದು. "ವೇದಿಕೆ ಮೇಲೆ ಅವರಿಗೂ ಕೈ ನಡುಗುತ್ತೆ. ಹೋದ ವರ್ಷ ಕೈನ ಜೇಬಲ್ಲಿ ಬಚ್ಚಿಟ್ಕೊಂಡಿದ್ರು, ನಾನು ನೋಡಿದೀನಿ." ಇದು ಕರುಣೆಯೋ ಸೇಡೋ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ತನ್ನ ಸಮವಸ್ತ್ರ ಹರಡಿದಳು. "ನಾಳೆ ಮುಂದಿನ ಸಾಲಲ್ಲಿ ನನಗೂ ಜಾಗ ಹಿಡಿ ಅಜ್ಜಿ. ಅವರು ಜೇಬಿಗೆ ಕೈ ಹಾಕುವಾಗ ಮುಖ ನೋಡಬೇಕು."