ಚುಕ್ಕಿಯವನಿಗೆ ಕೌದಿಯೇ ಇರಲಿ

ನವೆಂಬರ್ 12, 2025

ಇವತ್ತೂ ಹಂಸ. ಯಾರದೋ ಮದುವೆ ವಿಡಿಯೋ. ವಧು ಎಡಗಡೆಯಿಂದ, ವರ ಬಲಗಡೆಯಿಂದ, ನಡುವೆ ಎರಡು ಹಂಸ ಈಜಿ ಬಂದು ಕೊಕ್ಕು ಕೂಡಿಸಬೇಕು. ಕೂಡಿಸಿದೆ. ಮೇಲೆ ಗುಲಾಬಿ ಸುರಿಸಿದೆ. ನರಗುಂದದಲ್ಲಿ ಇಂಗ್ಲಿಷ್ ಮೀಡಿಯಂ ಓದಿ, ರೋಣಕ್ಕೆ ಸೊಸೆಯಾಗಿ ಬಂದು, ಹಂಸ ಈಜಿಸುತ್ತಿದ್ದೇನೆ. ಮತ್ತು ಐ ಲವ್ ಇಟ್! ಗಂಡ ಕಳಕೇಶನ ಸ್ಟುಡಿಯೋ, ಕಳಕೇಶನ ಕುರ್ಚಿ, ಕುರ್ಚಿಯ ಹಿಂದೆ ಆಗಾಗ ಕಳಕೇಶ... ಅತ್ತೆ ಬರುವ ಸಪ್ಪಳವಾದರೆ ಸಾಹೇಬರು ಲೈಟ್ ಸ್ಟ್ಯಾಂಡ್ ಸರಿಮಾಡುವ ನಾಟಕ. ಸೋ ಕ್ಯೂಟ್.

ಮಧ್ಯಾಹ್ನ ಮಾವನವರು ಹಿಂದೆ ತೆಗೆದ ಸಿನಿಮಾ ತೋರಿಸಿದ. ‘ಚುಕ್ಕಿಲಿಂದ ಬಂದಾವ.’ 1997ರಲ್ಲಿ ಮದುವೆ ಶೂಟ್ ಮಾಡುವ ಕ್ಯಾಮೆರಾದಲ್ಲೇ ತೆಗೆದದ್ದು, ರೋಣದ ಕೇಬಲ್‌ನಲ್ಲಿ ಊರೆಲ್ಲ ನೋಡಿದ್ದು. ಓ ಮೈ ಗಾಡ್. ನಕ್ಷತ್ರದಿಂದ ಇಳಿದು ಬರುವ ಆ ಜೀವಿ! ಮೈಯೆಲ್ಲ ಕೌದಿ—ಹಳೆ ಸೀರೆ ಚೂರುಗಳನ್ನು ಕೂಡಿಸಿ ಹೊಲಿದದ್ದು. ಮೊರದಂಥ ಕಿವಿ. ಹಿತ್ತಾಳೆ ಬಟ್ಟಲಿನ ಮೂರು ಕಣ್ಣು. ಬಾಯಿ ಹೊಟ್ಟೆಯಲ್ಲಿ. ಮಾತಿಲ್ಲ. ಊರಿನ ಸಪ್ಪಳವನ್ನು ತಿನ್ನುತ್ತದೆ ಅಷ್ಟೇ. ಅದು ಬಾಯಿ ತೆರೆದರೆ ನಾಯಿಯ ಬಾಯಿ ಆಡುತ್ತದೆ, ಬೊಗಳಿದ್ದು ಕೇಳುವುದಿಲ್ಲ. ನನಗೆ ನಿಜವಾಗಿ ಮೈ ಜುಮ್ ಎಂದಿತು.

‘ಒಳಗ ಯಾರದಾರ?’ ಅಂದೆ.

‘ಅವ್ವ,’ ಅಂದ ಕಳಕೇಶ. ‘ಮತ್ತ ಅವ್ವನ ಹೊಟ್ಯಾಗ ನಾನು.’

ನನ್ನ ಗಂಡ ಹುಟ್ಟುವ ಮೊದಲೇ ಅನ್ಯಗ್ರಹದವನಾಗಿದ್ದ!!! ಮನೆಯ ಸೊಸೆ ವೇಷ ಹಾಕಿದ್ದು ಹೊರಗೆ ಗೊತ್ತಾಗಬಾರದು ಎಂದು ಅತ್ತೆಯ ಹೆಸರನ್ನು ಎಲ್ಲೂ ಹಾಕಿಲ್ಲ.

ಈಗ ಅದನ್ನೇ ಹೊಸದಾಗಿ ಮಾಡುತ್ತಾರೆ. ಕಳಕೇಶನ ಕಾಕಾನ ಮಗ ದುರಗೇಶ ಡೈರೆಕ್ಟರ್—ಹುಬ್ಬಳ್ಳಿಯಲ್ಲಿ ಕೋರ್ಸ್ ಮಾಡಿ ಬಂದಿದ್ದಾನೆ, ಅತ್ತಿಗೆಯಾದ ನನ್ನನ್ನು ಮಾತಿಗೊಮ್ಮೆ ‘ವೈನಿ’ ಎನ್ನುತ್ತಾನೆ. ಕ್ಯಾಮೆರಾ ನನ್ನವನದು. ಎಡಿಟಿಂಗ್ ನಾನು! ಅತ್ತೆ ಯಾರಿಗೂ ಹೇಳದೆ ಟ್ರಂಕಿನಿಂದ ಆ ಕೌದಿ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದಾರೆ.

ನವೆಂಬರ್ 16, ಸಂಜೆ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ದುರಗೇಶ ಬಂದು ಪಡಸಾಲೆಯಲ್ಲಿ ಕೂತು, ಅತ್ತೆ ಮಾಡಿದ ಗಿರ್ಮಿಟ್ ತಿನ್ನುತ್ತ ಸ್ಕ್ರಿಪ್ಟ್ ಓದಿದ. ಮುಗಿಯಿತು. ಕೌದಿಯವ ಬರಲೇ ಇಲ್ಲ.

‘ಎಲ್ಲಿ ಅದು?’ ಅಂದೆ.

‘ತಗದೀನ್ರಿ ವೈನಿ. ಇದು ರಿಯಲಿಸ್ಟಿಕ್ ರೀಬೂಟ್. ಬರೇ ಸಿಗ್ನಲ್ ಬರ್ತೈತಿ, ಊರಾಗಿನ ಫೋನ್ ಎಲ್ಲಾ ಬಂದ್ ಆಗ್ತಾವು. ಯಾರೂ ಕಾಣಂಗಿಲ್ಲ.’

‘ಬ್ಯಾರೆ ಚುಕ್ಕಿಲಿಂದ ಬಂದದ್ದು ವಿಚಿತ್ರ ಇರೋದ ರಿಯಲಿಸ್ಟಿಕ್ ಅಲ್ಲೇನ್ರಿ? ನಮಗ ಪರಿಚಯ ಇದ್ದಂಗ ಯಾಕ ಇರಬೇಕು? ಕೊಣ್ಣೂರ ಹೊಳ್ಯಾಗಿನ ಏಡಿ ನೋಡ್ರಿ. ಕಣ್ಣು ಕಡ್ಡಿ ತುದಿಗೆ, ನಡಿಗಿ ಅಡ್ಡ. ಅದು ಇದ ಭೂಮಿದು!’

‘ಮಂದಿ ನಗ್ತಾರ್ರಿ,’ ಅಂದ. ‘ಬೆಂಗಳೂರಾಗ ನಾವು ಬಾಯಿ ತಗದ್ರನ ನಗ್ತಾರ. ನಮ್ಮ ಸಿನಿಮಾ ನೋಡಿನೂ ನಗಬೇಕೇನು? ನಾ ಜೋಕರ್ ಆಗಾಕ ಒಲ್ಲೆ.’

ಅಲ್ಲಿಗೆ ನಿಲ್ಲಿಸಿದ್ದರೆ ಒಪ್ಪುತ್ತಿದ್ದೆನೋ ಏನೋ. ಆ ಮಾತಿನಲ್ಲಿ ನೋವಿತ್ತು. ಆದರೆ ನಿಲ್ಲಿಸಲಿಲ್ಲ.

‘ಕೌದಿ ಹೊದ್ದ ಎಮ್ಮಿ ನೋಡಿ ಯಾರು ಅಂಜತಾರ್ರಿ ವೈನಿ?’

ಅತ್ತೆ ಅವನ ಕಪ್ಪಿಗೇ ಚಹಾ ಹಾಕುತ್ತಿದ್ದರು. ಕಪ್ಪು ತುಂಬಿಸಿ ಒಳಗೆ ಹೋದರು. ಮಾವ ಪೇಪರ್ ಓದಿದರು. ಕಳಕೇಶ ನಕ್ಕ. ನಕ್ಕ!!

ಆಮೇಲೆ ನೋಡಿದರೆ ಮಾಳಿಗೆಯ ಮೇಲೆ ಕೌದಿ ಇರಲಿಲ್ಲ. ಮಡಚಿ ಟ್ರಂಕಿಗೆ ಸೇರಿತ್ತು.

ನವೆಂಬರ್ 17

ಬಿಡುವುದಿಲ್ಲ. ದುರಗೇಶನನ್ನು ಬಿಡುವುದಿಲ್ಲ. ನಕ್ಕವನನ್ನೂ ಬಿಡುವುದಿಲ್ಲ.

ನಕ್ಕವನು ಮಲ್ಲಿಗೆ ತಂದಿದ್ದಾನೆ. ಮುಡಿದೆ. ಗೋಡೆಯ ಕಡೆ ತಿರುಗಿ ಮಲಗಿದೆ.

ನವೆಂಬರ್ 30, ಗಜೇಂದ್ರಗಡದಿಂದ ಬರುವಾಗ, ಕಾರಿನಲ್ಲಿ

ದುರಗೇಶನ ನಿಶ್ಚಯ ಕಾರ್ಯ ಮುಗಿಯಿತು. ಹುಡುಗಿ ಲಕ್ಷಣವಾಗಿದ್ದಾಳೆ, ಪಾಪ. ಅವಳ ಅಜ್ಜಿ ಮುದುಕವ್ವ ಇಡೀ ಮನೆಯನ್ನು ಬಾಯಲ್ಲೇ ನಡೆಸುತ್ತಾರೆ. ಬಂದಾಗಿನಿಂದ ಹೊರಡುವವರೆಗೆ ಮಾತು. ಮದುವೆ, ಮಳೆ, ಮೊಣಕಾಲು.

ಬೆಳಿಗ್ಗೆ ವರ ಮಹಾಶಯ ಅಪ್ಪಣೆ ಕೊಟ್ಟ—‘ವೈನಿ, ನನ್ನ ವಿಡಿಯೋದಾಗ ಹೂವು, ಹಂಸ ಏನೂ ಬ್ಯಾಡ. ಫಿಲ್ಟರ್ ಬ್ಯಾಡ, ಮ್ಯೂಸಿಕ್ ಬ್ಯಾಡ. ಹ್ಯಾಂಗ ಆತೋ ಹಂಗ ಇರ್ಲಿ. ನ್ಯಾಚುರಲ್.’ ಸೌಂಡ್ ಕೂಡ ನ್ಯಾಚುರಲ್ ಬೇಕಂತೆ. ತಾನೇ ಕಾಲರ್‌ಗೆ ಮೈಕ್ ಸಿಕ್ಕಿಸಿಕೊಂಡ. ಸಿಕ್ಕಿಸಿಕೊಂಡದ್ದನ್ನು ಮರೆತ.

ನಾನು ಮರೆಯಲಿಲ್ಲ.

ಡಿಸೆಂಬರ್ 4

ಆಹಾ. ಆಹಾಹಾ.

ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಉಂಗುರ ಹಾಕುವ ಹೊತ್ತು. ಪಕ್ಕದ ಗೆಳೆಯನ ಕಿವಿಯಲ್ಲಿ ದುರಗೇಶ—‘ಈ ಮುದುಕಿ ಬಾಯಿ ಬಂದ್ ಆಗೂದಿಲ್ಲಲೇ. ರೇಡಿಯೋ ನುಂಗ್ಯಾಳೇನು?’ ಊಟದ ಹೊತ್ತು—‘ಹೋಳಿಗಿ ಅಲ್ಲ ಇದು, ಹಂಚು.’ ನಡುನಡುವೆ ಫೋನಿನಲ್ಲಿ ತನ್ನ ಕೂದಲು ನೋಡಿಕೊಳ್ಳುವುದು. ಹಲ್ಲಿನ ಸಂದಿಯಿಂದ ಬದನೆಕಾಯಿ ಬೀಜ ತೆಗೆಯುವುದು.

ಒಂದು ಹೆಡ್‌ಫೋನ್ ಅತ್ತೆಗೆ ಕೊಟ್ಟೆ. ಕೇಳಿದರು. ಮುಖದಲ್ಲಿ ಏನೂ ಇಲ್ಲ.

‘ಇದನ್ನ ಹಾಕಾಕ ಬರ್ತೈತೇನವಾ?’

‘ಬರ್ತೈತ್ರಿ ಅತ್ತಿ. ನ್ಯಾಚುರಲ್ ಬೇಕಂದಾರ.’

‘ಬೀಜಾ ತಗಿಯೂದು ಇನ್ನಷ್ಟು ಹತ್ರ ಕಾಣ್ಲಿ.’

ಐ ಲವ್ ದಿಸ್ ವುಮನ್. ಹುಡುಗಿಗೆ ನೋವಾಗುವಂಥದ್ದು ಒಂದನ್ನೂ ಇಡಲಿಲ್ಲ. ಅವಳ ಮೇಲೆ ನಮಗೇನು ಸಿಟ್ಟು? ಉಳಿದದ್ದೆಲ್ಲ ಇಟ್ಟೆವು. ಪೆನ್‌ಡ್ರೈವ್ ನಾಳೆ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ.

ಡಿಸೆಂಬರ್ 7

ನೋಡಿದ್ದಾರೆ! ಬೀಗರು, ನೆರೆಯವರು, ಎಲ್ಲರೂ ಟಿವಿ ಮುಂದೆ ಕೂತು.

ಬೆಳಿಗ್ಗೆ ಫೋನ್ ಬಂತು. ಕಳಕೇಶ ಸ್ಪೀಕರ್ ಹಾಕಿದ.

‘ರೇಡಿಯೋ ಮಾತಾಡಾಕತ್ತೀನ್ರಿ,’ ಅಂದರು ಮುದುಕವ್ವ. ‘ನಮ್ಮ ಮನ್ಯಾಗ ಎಲ್ಲಾರೂ ರೇಡಿಯೋನ. ನಾಳೆ ಮೊಮ್ಮಗಳೂ ಆಗ್ತಾಳ. ಕೇಳೂ ತಾಳ್ಮಿ ಇದ್ರ ಆ ಹುಡುಗ ಬಂದು ನನ್ನ ಮುಂದ ಕುಂದರ್ಲಿ. ಇಲ್ಲಾಂದ್ರ ಇಷ್ಟಕ್ಕ ಬಂದ್ ಮಾಡೂಣು.’

ಕಳಕೇಶನ ಮುಖ ಬೆಳ್ಳಗಾಯಿತು. ‘ಸಂಬಂಧ ಮುರಿದ್ರ ಏನ್ ಮಾಡ್ತೀ ನೀಲಾ?’ ಅಂದ. ತಪ್ಪು ಮಾಡಿದೆನೇನೋ ಅನಿಸಿತು. ಒಂದು ಕ್ಷಣ.

ಒಂದೇ ಕ್ಷಣ.

ಡಿಸೆಂಬರ್ 8

ದುರಗೇಶ ಬಂದ. ನಿನ್ನೆ ಇಡೀ ದಿನ ಮುದುಕವ್ವನ ಮುಂದೆ ಕೂತು ಕೇಳಿ ಬಂದಿದ್ದಾನಂತೆ. ಕೂದಲು ಬಾಚಿಲ್ಲ.

‘ಮದವಿ ಉಳದೈತ್ರಿ. ಆದ್ರ ಬ್ಯಾರೆ ವಿಡಿಯೋ ಮಾಡಿ ಕೊಡ್ರಿ ವೈನಿ. ಮಂದಿಗೆ ತೋರಸೂ ಹಂಗ. ಮ್ಯೂಸಿಕ್ ಹಾಕ್ರಿ. ಹೂವು ಹಾಕ್ರಿ. ಆ ಹಂಸ ಇರ್ತಾವಲ್ಲ...’

‘ಹಂಸ? ಗಜೇಂದ್ರಗಡದಾಗ? ರಿಯಲಿಸ್ಟಿಕ್ ಆಗಂಗಿಲ್ಲಲ್ರಿ.’

‘ವೈನಿ, ಕೈ ಮುಗಿತೀನಿ. ಅದು ಸಿನಿಮಾ, ಇದು ಜೀವನ.’

‘ಅಂದ್ರ ಜೀವನಕ್ಕ ಹಂಸ ಬೇಕು, ಸಿನಿಮಾಕ್ಕ ಬ್ಯಾಡ?’

ಅಡುಗೆ ಮನೆಯಿಂದ ಅತ್ತೆಯ ದನಿ—‘ನೀಲಾ, ಎಮ್ಮಿಗೆ ಪಾರ್ಟ್ ಐತೇನು ಕೇಳು.’

ಅವನ ಕಿವಿ ಕೆಂಪಾಯಿತು. ಒಳಗೆ ಹೋಗಿ, ‘ದೊಡ್ಡವ್ವ, ಸುಮ್ನ ಅಂದಿದ್ದೆ,’ ಅಂದ.

‘ಸುಮ್ನ ಅಂದಿದ್ದನ್ನ ಸುಮ್ನ ಕೇಳಿದ್ದೆ. ಪಾರ್ಟ್ ಐತೋ ಇಲ್ಲೋ?’

ಇದೆಯಂತೆ! ಕೌದಿಯವ ವಾಪಸ್! ನನಗೆ ಕುಣಿಯಬೇಕೆನಿಸಿತು. ಕುಣಿದೆ, ಬಾಗಿಲು ಹಾಕಿಕೊಂಡು. ಆಮೇಲೆ ಅವನ ವಿಡಿಯೋಗೆ ಹಂಸಗಳ ಇಡೀ ಹಿಂಡನ್ನೇ ಬಿಟ್ಟೆ.

ಜನವರಿ 11, ಸಂಜೆ

ಮೆಣಸಗಿ ಹತ್ತಿರ ಶೂಟಿಂಗ್ ಇತ್ತು. ಹೊಳೆಯ ಕಡೆಯ ಕಡಲೆ ಹೊಲ. ಅತ್ತೆ ಕೌದಿಯೊಳಗೆ. ಕಿವಿಗಳಿಗೆ ನಾನೇ ದಾರ ಕಟ್ಟಿದೆ.

ದುರಗೇಶ ಕಳಕೇಶನ ಹತ್ತಿರ ಮೆಲ್ಲಗೆ ಅಂದದ್ದು ಕೇಳಿಸಿತು—‘ದೂರಲಿಂದ ತಗಿ ಅಣ್ಣ. ಫೋಕಸ್ ಬ್ಯಾಡ. ಮಬ್ಬು ಕಾಣ್ಲಿ. ಆಮ್ಯಾಲೆ ಹುಬ್ಬಳ್ಳ್ಯಾಗ ನಾನ ಎಡಿಟ್ ಮಾಡಸ್ತೀನಿ.’ ಕತ್ತರಿಸುವ ಯೋಚನೆ! ಹಂಸ ಹಾಕಿಸಿಕೊಂಡು ಕೊಟ್ಟ ಮಾತು ತಪ್ಪುವವನು! ಓಡಿಹೋಗಿ ಮೊರದ ಕಿವಿಯಲ್ಲಿ ಎಲ್ಲ ಹೇಳಿದೆ. ಮೊರ ಒಮ್ಮೆ ಅಲ್ಲಾಡಿತು.

‘ಆ್ಯಕ್ಷನ್!’ ಅತ್ತೆ ಹೊಲದ ನಡುವೆ ಎದ್ದು ನಿಂತರು. ಬದುವಿನ ಮೇಲೆ ಕೂತಿದ್ದ ಊರ ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ದುರಗೇಶ ನನ್ನ ಕಡೆ ತಿರುಗಿದ. ‘ನಾ ಹೇಳಿರಲಿಲ್ಲೇನ್ರಿ?’

ಹೇಳಿದ್ದ. ಅದಕ್ಕೇ ಇನ್ನಷ್ಟು ಉರಿಯಿತು.

ಕೌದಿಯವ ನಗುವ ಮಕ್ಕಳನ್ನು ನೋಡಲಿಲ್ಲ. ಸ್ಕ್ರಿಪ್ಟಿನಂತೆ ಹೊಳೆಯ ಕಡೆ ಹೋಗಬೇಕಿತ್ತು, ಹೋಗಲಿಲ್ಲ. ದುರಗೇಶನ ಕಡೆ ತಿರುಗಿತು. ನಡೆಯಿತು. ಗಡಿಬಿಡಿಯಿಲ್ಲ. ಮೊರಗಳು ತೂಗುತ್ತಿದ್ದವು. ಹೊಟ್ಟೆಯ ಬಾಯಿ ಮೆಲ್ಲಗೆ ತೆರೆಯಿತು.

‘ದೊಡ್ಡವ್ವ, ಅಲ್ಲೇ ನಿಲ್ರಿ.’

ನಿಲ್ಲಲಿಲ್ಲ. ಮಕ್ಕಳ ನಗು ಒಂದೊಂದಾಗಿ ಆರಿತು.

‘ದೊಡ್ಡವ್ವ? ದೊಡ್ಡವ್ವ, ಮಾತಾಡ್ರಿ.’

ಬಟ್ಟಲುಗಣ್ಣುಗಳಲ್ಲಿ ಸೂರ್ಯ. ಒಳಗಿರುವವರು ಯಾರೆಂದು ಗೊತ್ತಿದ್ದ ನನಗೇ ಬೆನ್ನು ತಣ್ಣಗಾಯಿತು. ದುರಗೇಶ ಹಿಂದೆ ಸರಿದ. ಚಪ್ಪಲಿ ಎರೆಮಣ್ಣಿನಲ್ಲಿ ಸಿಕ್ಕಿತು. ಬಿಟ್ಟು ಓಡಿದ! ಕಡಲೆ ತುಳಿಯುತ್ತ, ‘ಯಪ್ಪೋ!’ ಎನ್ನುತ್ತ. ಹಿಂದೆ ಕೌದಿ.

ಕಳಕೇಶ ಕ್ಯಾಮೆರಾ ಇಳಿಸಲಿಲ್ಲ. ಪಕ್ಕಾ ಫೋಕಸ್ ಎಳೆದ. ಈ ಸಲ ನಗಲಿಲ್ಲ. ಅವನನ್ನು ಅಲ್ಲೇ ಕ್ಷಮಿಸಿದೆ, ಪೂರ್ತಿ.

ಓಡಿ ಹೋಗಿ ನೋಡಿದರೆ ಅತ್ತೆ ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾರೆ. ಹೊಟ್ಟೆಯ ಬಾಯಿಯಿಂದ ಬೆವೆತ ಮುಖ ಹೊರಗೆ ಬಂತು.

‘ಅಂಜಿದ್ನೋ ಇಲ್ಲೋ?’

ಜನವರಿ 13, ಬೆಳಿಗ್ಗೆ

ಕ್ಯಾಮೆರಾದ ಮೆಮೊರಿ ಕಾರ್ಡ್ ನಮ್ಮ ಹತ್ತಿರವೇ ಇದೆ. ಹುಬ್ಬಳ್ಳಿಗೆ ಹೋಗಲಿಲ್ಲ. ಕಳಕೇಶನೇ ತಂದು ನನ್ನ ಕೈಗಿಟ್ಟ. ಮೈ ಹೀರೋ.

ಟ್ರೇಲರ್ ಮುಗಿಸಿದೆ. ಕೊನೆಯ ಶಾಟ್ ದುರಗೇಶನ ಮುಖ. ಹಿಂದೆ ಕೌದಿಯವ, ಕಿವಿ ಬಿಚ್ಚಿಕೊಂಡು. ಕೋರ್ಸ್ ಮಾಡಿದ ಯಾವ ನಟನೂ ಹೀಗೆ ಅಂಜಲಾರ. ಇದಕ್ಕಿಂತ ರಿಯಲಿಸ್ಟಿಕ್ ಎಲ್ಲಿಂದ ತರಲಿ?

‘ಅತ್ತಿ, ಈ ಸಲ ನಿಮ್ಮ ಹೆಸರು ಹಾಕ್ತೀನ್ರಿ, ದೊಡ್ಡದಾಗಿ,’ ಅಂದೆ.

‘ನನ್ನ ಹೆಸರು ಬ್ಯಾಡ. ಅವನ ಮಾರಿ ಐತಲ್ಲ, ಸಾಕು.’

ಮೊದಲು ಯಾರಿಗೆ ಕಳಿಸಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಸಂಶಯವೇ ಇರಲಿಲ್ಲ. ಮುದುಕವ್ವನ ಮನೆಗೆ. ಫೈಲ್ ದೊಡ್ಡದು, ನೆಟ್ ನಿಧಾನ. ಹೋಗುತ್ತಿದೆ.

ದುರಗೇಶ ಬಂದ. ಹೊರಗೆ ಬೈಕ್ ನಿಂತ ಸಪ್ಪಳಕ್ಕೇ ನಾನು ಕೋಣೆಯ ಚಿಲಕ ಹಾಕಿಕೊಂಡೆ.

‘ವೈನಿ ಎಲ್ಲಿ? ಆ ಶಾಟ್ ಡಿಲೀಟ್ ಮಾಡ್ಸಬೇಕು ದೊಡ್ಡವ್ವ, ಈಗಿಂದೀಗ.’

‘ಕುಂದ್ರೋ ದುರಗ್ಯಾ. ಚಹಾ ಕುಡದು ಹೋಗುವಂತಿ.’

‘ಚಹಾ ಬ್ಯಾಡ್ರಿ—’

‘ಎಮ್ಮಿ ಹಾಲಿಂದು. ಒಲ್ಲೆ ಅನಬ್ಯಾಡ. ಸಕ್ಕರಿ ಎಲ್ಲಿಟ್ಟೆನೋ...’

ಸಕ್ಕರೆ ಡಬ್ಬಿ ನನ್ನ ಟೇಬಲ್ ಮೇಲಿದೆ. ಅತ್ತೆ ಮುಂಜಾನೆಯೇ ತಂದಿಟ್ಟು ಹೋಗಿದ್ದಾರೆ.

ಇನ್ನು ಸ್ವಲ್ಪವೇ ಉಳಿದಿದೆ. ಹೋಗು, ಹೋಗು, ಪ್ಲೀಸ್... ಪಡಸಾಲೆ ದಾಟಿದ. ‘ವೈನಿ?’ ಚಿಲಕ ಅಲ್ಲಾಡುತ್ತಿದೆ. ಹೋಯ್ತು!